ಅಂಟಿನ ನಾತ, ಮನೆಮಂದಿಯ ಉಸಿರು

ಸವದತ್ತಿ ತಾಲ್ಲೂಕಿನ ಸಿರಸಂಗಿಯು ಕಾಳಮ್ಮನ ಕ್ಷೇತ್ರ. ಕಮ್ಮಾರ, ಬಡಿಗ, ಕಂಚುಗಾರ, ಶಿಲ್ಪಿ, ಅಕ್ಕಸಾಲಿಗ ಎಂಬ ಐದು ಕಸುಬಿನ ವಿಶ್ವಕರ್ಮರು ಆಕೆಯನ್ನು ಕುಲದೇವತೆಯೆಂದು ನಂಬಿ ದೂರದೂರದ ಊರುಗಳಿಂದ ಬರುತ್ತಾರೆ. ಈ ಐವರಲ್ಲಿ ಕಬ್ಬಿಣದವನಿಗೆ ಬೆಂಕಿಯುಂಟು, ಕಂಚಿನವನಿಗೆ ಎರಕವುಂಟು, ಚಿನ್ನದವನಿಗೆ ಬೆಸುಗೆಯುಂಟು; ಕಲ್ಲು ತನ್ನ ಭಾರದಿಂದಲೇ ಕಲ್ಲಿನ ಮೇಲೆ ಕುಳಿತುಕೊಳ್ಳುತ್ತದೆ. ಅಂಟಿನ ಹಂಗು ಹೆಚ್ಚಾಗಿ ಬಡಿಗನಿಗೆ. ಬಾಗಿಲು, ಬಂಡಿ, ತೇರುಗಳಂಥ ದೊಡ್ಡ ಕೆಲಸಕ್ಕೆ ಬೆಣೆಯೂ ಮೊಳೆಯೂ ಸಾಕಾದೀತು. ಆದರೆ ಗೇಣುದ್ದದ ತೇರು, ಅಂಗೈಯಗಲದ ತೊಟ್ಟಿಲು, ಬೆರಳುದ್ದದ ಎತ್ತಿನ ಬಂಡಿ ಇವುಗಳಲ್ಲಿ ಮೊಳೆ ಹೊಡೆಯಲು ಎಡೆಯೆಲ್ಲಿದೆ? ಅಲ್ಲಿ ಅಂಟೇ ಗತಿ. ಅಂಟಿದ್ದಲ್ಲಿ ನಾತವೂ ಉಂಟು; ಮತ್ತು ಆ ನಾತವು ಕೆಲಸ ಮಾಡುವವನೊಬ್ಬನ ಮೂಗಿನಲ್ಲಿಯೇ ನಿಲ್ಲದೆ, ಅದೇ ಸೂರಿನ ಕೆಳಗಿರುವ ಹೆಂಗಸರು, ಮಕ್ಕಳು, ಮುದುಕರೆಲ್ಲರನ್ನೂ ಮುಟ್ಟುತ್ತದೆ.

ಹಳೆಯ ಬಡಿಗರ ಅಂಟು ಸರೇಸು. ಅದು ದನಗಳ ತೊಗಲು, ನರ, ಎಲುಬುಗಳನ್ನು ಬೇಯಿಸಿ ತೆಗೆದ ಸಾರ. ಬೆಲ್ಲದ ಅಚ್ಚಿನಂತೆ ಗಟ್ಟಿಯಾಗಿ ಸಿಗುತ್ತಿದ್ದ ಅದನ್ನು ರಾತ್ರಿಯೆಲ್ಲ ನೀರಿನಲ್ಲಿ ನೆನೆಯಿಟ್ಟು, ಬಿಸಿನೀರಿನ ಪಾತ್ರೆಯೊಳಗೆ ಮತ್ತೊಂದು ಪಾತ್ರೆಯಿಟ್ಟು ಮೆಲ್ಲಗೆ ಕರಗಿಸಬೇಕು. ಸುಮಾರು 60 ಡಿಗ್ರಿ ಸೆಲ್ಸಿಯಸ್ ಬಿಸಿ ಅದಕ್ಕೆ ಸಾಕು. ಕುದಿಸಿದರೆ ಅದರ ಹಿಡಿತ ಕೆಡುತ್ತದೆ, ನಾತವೂ ಇಮ್ಮಡಿಸುತ್ತದೆ. ನಾಲ್ಕಾರು ದಿನ ಹಾಗೆಯೇ ಬಿಟ್ಟರೆ ಕೊಳೆತು, ಆ ಕೋಣೆಯ ಬಾಗಿಲಿಗೆ ಯಾರೂ ಸುಳಿಯದಂತಾಗುತ್ತದೆ. ಹೀಗಾಗಿ ಬಲ್ಲ ಬಡಿಗನಿಗೆ ನಾತವೇ ಒಂದು ಎಚ್ಚರಿಕೆ: ಅಂಟು ಗಬ್ಬೆದ್ದಿತೆಂದರೆ ಕೆಲಸವೂ ಕೆಟ್ಟಿತೆಂದೇ ಲೆಕ್ಕ.

ಈ ವಿದ್ಯೆ ನಮ್ಮ ನಾಡಿಗೆ ಇಂದಿನದಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಚಿತ್ರಕಾರರಿಗೆ ಬೇಕಾದ ವಜ್ರಲೇಪವನ್ನು ಮಾಡುವ ಕ್ರಮವನ್ನು ಹೇಳಿದ್ದಾನೆ. ಎಮ್ಮೆಯ ಹಸಿ ತೊಗಲನ್ನು ನೀರಿನಲ್ಲಿ ಬೆಣ್ಣೆಯಂತೆ ಮೆತ್ತಗಾಗುವವರೆಗೆ ಬೇಯಿಸಿ, ಕಡ್ಡಿಗಳನ್ನಾಗಿ ಮಾಡಿ, ಬಿಸಿಲಿಗೆ ಒಣಗಿಸಿ ಇಟ್ಟುಕೊಳ್ಳಬೇಕೆಂಬುದು ಅದರ ಸಾರಾಂಶ. ಅರಮನೆಯ ಗೋಡೆಯ ಮೇಲೆ ಅಪ್ಸರೆಯರನ್ನು ನಿಲ್ಲಿಸಿದ್ದೂ ಇಂಥ ತೊಗಲಿನ ಸಾರವೇ. ಆದರೂ ತೊಗಲು ಹದಮಾಡುವವರ ಕೇರಿಯನ್ನು ನಾತದ ನೆಪದಿಂದ ಊರ ಹೊರಗಿಟ್ಟದ್ದುಂಟು. ಅಂಟು ಒಳಗೆ ಬೇಕು, ಅಂಟಿನ ಮೂಲ ಹೊರಗಿರಬೇಕು ಎಂಬ ಈ ನ್ಯಾಯವನ್ನು ಏನೆನ್ನಬೇಕೋ!

ನಾತವಿಲ್ಲದ ದಾರಿಯನ್ನು ಹುಡುಕಿದವರೂ ಇದ್ದರು. ಕೊಪ್ಪಳದ ಸಮೀಪದ ಕಿನ್ನಾಳದ ಚಿತ್ರಗಾರರು ಹಗುರವಾದ ಮರದಲ್ಲಿ ಬೊಂಬೆಯ ಭಾಗಗಳನ್ನು ಕೆತ್ತಿ, ಅವುಗಳನ್ನು ಕೂಡಿಸಲು ಹುಣಿಸೆಬೀಜದ ಅಂಟಿನಲ್ಲಿ ಸೆಣಬಿನ ಪುಡಿಯನ್ನೂ ಮರದ ಹೊಟ್ಟನ್ನೂ ಕಲಸುತ್ತಾರೆ. ಅಡುಗೆಮನೆಯಲ್ಲಿ ಎಸೆಯುವ ವಸ್ತುವೇ ಅಲ್ಲಿ ದೇವರ ಕೈಕಾಲುಗಳನ್ನು ಜೋಡಿಸುತ್ತದೆ. ಹುಳಿತರೆ ಅದೂ ಮೂಗು ಮುಚ್ಚಿಸುತ್ತದೆ, ನಿಜ. ಆದರೆ ಮನೆಯ ಹಜಾರದಲ್ಲಿ, ಮಗುವಿನ ತೊಟ್ಟಿಲಿನ ಪಕ್ಕದಲ್ಲಿಯೇ ಕುಳಿತು ಮಾಡಬಹುದಾದ ಕೆಲಸ ಅದು. ಸಿರಸಂಗಿಯ ಜಿಲ್ಲೆಯದೇ ಆದ ಗೋಕಾಕದ ಬಣ್ಣದ ಹಣ್ಣುಕಾಯಿಗಳ ಮಾದರಿಗಳೂ ಇಂಥ ಮನೆವಾಳ್ತೆಯ ಕಸುಬಿನಿಂದಲೇ ಹೆಸರಾದುವು.

1959ರಲ್ಲಿ ಮುಂಬಯಿಯಿಂದ ‘ಫೆವಿಕಾಲ್’ ಎಂಬ ಬಿಳಿಯ ಅಂಟು ಮಾರುಕಟ್ಟೆಗೆ ಬಂದಿತು. ಇದನ್ನು ಕಾಯಿಸಬೇಕಾಗಿಲ್ಲ, ನೆನೆಯಿಡಬೇಕಾಗಿಲ್ಲ. ನೀರಿನಲ್ಲಿ ಬೆರೆತ ಕೃತಕ ರಾಳವಿದು. ನೀರು ಆರಿದಂತೆ ಅಂಟು ಬಿಗಿಯುತ್ತದೆ, ಮೂಗಿಗೆ ಸಿಗುವುದು ತೆಳುವಾದ ಹುಳಿವಾಸನೆ ಮಾತ್ರ. ಸರೇಸಿನ ಪಾತ್ರೆ ಕ್ರಮೇಣ ಬಡಿಗರ ಅಂಗಡಿಗಳಿಂದ ಮರೆಯಾಗತೊಡಗಿತು. ನಾತದ ಕಥೆ ಇಲ್ಲಿಗೇ ಮುಗಿಯಬೇಕಾಗಿತ್ತು.

ಮುಗಿಯದಿರಲು ಕಾರಣ ಪ್ಲಾಸ್ಟಿಕ್. ಪ್ಲಾಸ್ಟಿಕ್ಕಿನ ವಿಮಾನ, ಹಡಗು, ಮನೆಗಳ ಬಿಡಿಭಾಗಗಳನ್ನು ನೀರಿನ ಅಂಟು ಹಿಡಿಯಲಾರದು. ಅದಕ್ಕೆಂದು ಬಂದ ಕೊಳವೆಯಂಟು ಆ ಪ್ಲಾಸ್ಟಿಕ್ಕನ್ನೇ ತುಸು ಕರಗಿಸಿ ಒಂದಕ್ಕೊಂದು ಬೆಸೆಯುತ್ತದೆ. ಕರಗಿಸುವ ಕೆಲಸ ಟೊಲುವೀನ್, ಬ್ಯುಟನೋನ್ ಮೊದಲಾದ ದ್ರವಗಳದು. ಕೆಲಸ ಮುಗಿದೊಡನೆ ಅವು ಆವಿಯಾಗಿ ಕೋಣೆಯನ್ನು ಸೇರುತ್ತವೆ. ಇವುಗಳ ವಾಸನೆ ಸರೇಸಿನಂತೆ ಹೇಸಿಗೆಯದಲ್ಲ. ಸಿಹಿಯೆಂದು ಕೆಲವರಿಗೆ ಹಿತವೂ ಆಗುವುದುಂಟು. ಮೋಸವಿರುವುದು ಇಲ್ಲಿಯೇ. ಸರೇಸು ಮೂಗನ್ನು ನೋಯಿಸುತ್ತಿತ್ತು, ಮೈಯನ್ನು ಕೆಡಿಸುತ್ತಿರಲಿಲ್ಲ. ಈ ಹೊಸ ಅಂಟುಗಳು ಮೂಗಿಗೆ ಹಗುರ, ತಲೆಗೆ ಭಾರ: ತಲೆನೋವು, ತಲೆಸುತ್ತು, ಓಕರಿಕೆ, ಮಂಪರು ಇವುಗಳ ಕೊಡುಗೆ. ಅಮೆರಿಕದಲ್ಲಿ ಹುಡುಗರು ಮತ್ತಿಗಾಗಿ ಈ ಅಂಟನ್ನು ಬೇಕೆಂದೇ ಮೂಸತೊಡಗಿದಾಗ, 1960ರ ದಶಕದ ಕೊನೆಯಲ್ಲಿ ತಯಾರಕರು ಅದಕ್ಕೆ ಸಾಸಿವೆಯೆಣ್ಣೆಯ ಘಾಟನ್ನು ಬೆರೆಸಬೇಕಾಯಿತು. ಕೆಟ್ಟ ವಾಸನೆಯನ್ನು ದುಡ್ಡು ಕೊಟ್ಟು ಸೇರಿಸಿದ ಪ್ರಸಂಗ ಅಪರೂಪವೇ ಸರಿ.

ಮನೆಯೊಳಗಣ ಅಂಟಿನ ಕೆಲಸ ಎಲ್ಲಿಗೆ ಮುಟ್ಟಬಲ್ಲುದೆಂಬುದನ್ನು ಜಪಾನಿನ ಮಿಯೆ ಪ್ರಾಂತ್ಯದವರು ಅನುಭವಿಸಿ ತಿಳಿದರು. ಅಲ್ಲಿ ಗೃಹಕೈಗಾರಿಕೆಯಾಗಿ ಚಪ್ಪಲಿಗಳನ್ನು ಅಂಟಿಸುತ್ತಿದ್ದವರಿಗೆ 1960ರ ದಶಕದಲ್ಲಿ ಮೊದಲು ಬೆರಳುಗಳು ಜೋಮು ಹಿಡಿದುವು, ತರುವಾಯ ಕಾಲುಗಳ ಬಲ ಕುಂದಿತು. ಅಂಟಿನಲ್ಲಿದ್ದ ಹೆಕ್ಸೇನ್ ಎಂಬ ದ್ರವದ ಆವಿ ನರಗಳನ್ನು ಹಾಳುಮಾಡಿತ್ತು. 1969ರಲ್ಲಿ ಪ್ರಕಟವಾದ ವೈದ್ಯಕೀಯ ವರದಿಯಲ್ಲಿ ಇಂಥ 93 ಮಂದಿಯ ಲೆಕ್ಕವಿದೆ. ಅವರು ದಿನವಿಡೀ, ತಿಂಗಳುಗಟ್ಟಲೆ ಆ ಗಾಳಿಯಲ್ಲಿ ದುಡಿದವರು. ರಜಾದಿನದಲ್ಲಿ ಒಂದು ವಿಮಾನ ಜೋಡಿಸುವ ಹುಡುಗನಿಗೆ ಅದೇ ಗತಿಯೆಂದು ಹೆದರಿಸುವುದು ತಪ್ಪು. ಆದರೆ ಇಡೀ ಸಂಸಾರ ಒಂದೇ ಕೋಣೆಯಲ್ಲಿ ಉಂಡು ಮಲಗುವ ಮನೆಯಲ್ಲಿ ಅಂಟು ಜೀವನೋಪಾಯವಾದಾಗ, ಆ ಉದಾಹರಣೆಯನ್ನು ಮರೆಯುವುದೂ ತಪ್ಪು.

ನಮ್ಮ ಮನೆಗಳಿಗೆ ಸಂಬಂಧಪಟ್ಟ ಇನ್ನೊಂದು ಮಾತಿದೆ. ಟೊಲುವೀನಿನ ಆವಿ ಗಾಳಿಗಿಂತ ಸುಮಾರು ಮೂರು ಪಟ್ಟು ಭಾರ. ಗಾಳಿಯಾಡದ ಕಡೆ ಅದು ನೆಲದ ಮಟ್ಟದಲ್ಲಿ ತಂಗುತ್ತದೆ. ಮೇಜು ಕುರ್ಚಿಗಳ ದೇಶದವರಿಗೆ ಇದು ಅಷ್ಟು ದೊಡ್ಡ ಸಂಗತಿಯಲ್ಲದಿರಬಹುದು. ನಮ್ಮಲ್ಲಿಯಾದರೋ ಕೆಲಸ ನೆಲದ ಮೇಲೆ, ಊಟ ನೆಲದ ಮೇಲೆ, ಮಗುವಿನ ಹಾಸಿಗೆಯೂ ನೆಲದ ಮೇಲೆ. ಅದೇ ಮಟ್ಟದಲ್ಲಿ ಒಲೆಯೋ ದೇವರ ದೀಪವೋ ಉರಿಯುತ್ತಿದ್ದರೆ ಆವಿಗೆ ಬೆಂಕಿ ತಗಲುವ ಭಯವೂ ಇದೆ. ವಾಸನೆ ಹೋಗಲೆಂದು ಊದಿನಕಡ್ಡಿ ಹಚ್ಚಲು ಕಡ್ಡಿ ಗೀರುವವರ ಜಾಣತನವನ್ನು ಹೊಗಳಲಾಗದು; ಊದಿನಕಡ್ಡಿ ವಾಸನೆಯನ್ನು ಮರೆಸುತ್ತದೆಯೇ ಹೊರತು ಆವಿಯನ್ನು ಓಡಿಸುವುದಿಲ್ಲ.

ಜಗಳ ಹುಟ್ಟುವ ಬಗೆಯೂ ಕುತೂಹಲಕರವಾದುದು. ವಿಜ್ಞಾನ ಪ್ರದರ್ಶನದ ಹಿಂದಿನ ರಾತ್ರಿ ವಿದ್ಯಾರ್ಥಿನಿಲಯದ ಕೋಣೆಯಲ್ಲಿ ಒಬ್ಬನು ಅಣೆಕಟ್ಟಿನ ಮಾದರಿಯನ್ನು ಜೋಡಿಸುತ್ತಾನೆ. ಜೊತೆಯವನು ಓದಲಾರದೆ ಮೂಗು ಮುಚ್ಚಿಕೊಂಡು, “ತಲಿ ಸಿಡ್ಯಾಕ ಹತ್ತೇದಲೇ, ಹೊರಗ ಒಯ್ದು ಮಾಡು” ಎನ್ನುತ್ತಾನೆ. “ವಾಸನಿ ಎಲ್ಲೈತಿ? ನನಗೇನೂ ಬರವಲ್ದು” ಎಂದು ಉತ್ತರ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಒಂದೇ ವಾಸನೆಯಲ್ಲಿ ಕೆಲವು ನಿಮಿಷ ಕುಳಿತ ಮೂಗು ಅದನ್ನು ಗಣಿಸುವುದನ್ನೇ ಬಿಡುತ್ತದೆ. ಆವಿ ಮಾತ್ರ ಇದ್ದಷ್ಟೇ ಇರುತ್ತದೆ. ಆದುದರಿಂದ ಈ ವ್ಯಾಜ್ಯದಲ್ಲಿ ಅಂಟು ಹಚ್ಚುವವನ ಸಾಕ್ಷ್ಯ ನಡೆಯತಕ್ಕದ್ದಲ್ಲ. ಹೊರಗಿನಿಂದ ಆಗತಾನೆ ಒಳಗೆ ಬಂದವನ ಮೂಗೇ ಇಲ್ಲಿ ಪ್ರಮಾಣ.

ಉಪಾಯಗಳು ಕಷ್ಟದವಲ್ಲ. ಮರ, ರಟ್ಟು, ಥರ್ಮಕೋಲುಗಳಿಗೆ ನೀರಿನ ಅಂಟೇ ಸಾಕು. ಕರಗಿಸುವ ಅಂಟನ್ನು ಹಚ್ಚಿದರೆ ಥರ್ಮಕೋಲು ತಾನೇ ಕರಗಿ ತೂತು ಬೀಳುತ್ತದೆಂಬುದನ್ನು ಗಣೇಶನ ಮಂಟಪ ಕಟ್ಟುವ ಹುಡುಗರು ಒಮ್ಮೆಯಾದರೂ ಕಂಡಿರುತ್ತಾರೆ. ಕೊಳವೆಯಂಟು ಬೇಕೇ ಬೇಕಾದಲ್ಲಿ ಕೆಲಸವನ್ನು ಜಗಲಿಗೋ ಕಟ್ಟೆಗೋ ಒಯ್ಯಬೇಕು. ಅದಾಗದಿದ್ದರೆ ಎದುರುಬದುರಿನ ಕಿಟಕಿ ಬಾಗಿಲುಗಳೆರಡನ್ನೂ ತೆರೆಯಬೇಕು, ಒಂದನ್ನು ತೆರೆದರೆ ಗಾಳಿ ಆಡದು. ಸೂಜಿಯ ಮೊನೆಯಲ್ಲಿ ಬೇಕಾದಷ್ಟೇ ತೆಗೆದು ಮುಚ್ಚಳವನ್ನು ಒಡನೆ ಮುಚ್ಚುವುದು ಅಂಟಿಗೂ ಲಾಭ, ಮೂಗಿಗೂ ಲಾಭ. ಮೂಗಿಗೆ ಒದ್ದೆಯ ಕರವಸ್ತ್ರ ಕಟ್ಟಿಕೊಳ್ಳುವುದು ಧೂಳಿಗೆ ತಕ್ಕ ಮದ್ದು. ಆವಿ ಅದರೊಳಗೆ ಸರಾಗವಾಗಿ ಹಾಯ್ದು ಹೋಗುತ್ತದೆ. ಗರ್ಭಿಣಿಯರನ್ನೂ ಎಳೆಯ ಮಕ್ಕಳನ್ನೂ ಉಬ್ಬಸದವರನ್ನೂ ಆ ಹೊತ್ತು ಬೇರೆಡೆಗೆ ಕಳುಹಿಸಬೇಕು. ಜೋಡಿಸಿ ಮುಗಿಸಿದ ಮಾದರಿಯನ್ನು ಹೆಮ್ಮೆಯಿಂದ ತಲೆದಿಂಬಿನ ಪಕ್ಕದಲ್ಲಿ ಇಟ್ಟುಕೊಂಡು ಮಲಗುವ ಹುಡುಗರುಂಟು. ಸಂದುಗಳೊಳಗಿನ ಅಂಟು ಇಡೀ ರಾತ್ರಿ ಒಣಗುತ್ತಲೇ ಇರುತ್ತದೆ. ಬೆಳಗಾಗುವವರೆಗೆ ಅದಕ್ಕೆ ಜಗಲಿಯೇ ತಕ್ಕ ಜಾಗ, ಬೆಕ್ಕು ಬೀಳಿಸದಂತೆ ಮೇಲೊಂದು ಬುಟ್ಟಿ ಮುಚ್ಚಿದರಾಯಿತು.