ಸೊಂಟದ ಬಾಗು ಕಳೆದಾಗ

ತಾಪಿ ನದಿ ಸಮುದ್ರ ಸೇರುವ ಹಜೀರಾದಲ್ಲಿ ಮೂವತ್ತು ವರ್ಷ ಕ್ರೇನ್ ಓಡಿಸಿದ ಗದಗಿನವನು ನಾನು. ಮೊದಲು ಚಾಪೆ ಮೇಲೆ ಅಂಗಾತ ಮಲಗಿದರೆ ಸೊಂಟದಡಿ ಅಂಗೈ ತೂರುತ್ತಿತ್ತು. ಈಗ, 61ರಲ್ಲಿ, ಬೆರಳೂ ಹೋಗದು.

ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು ತೋರಿಸಿದರು. ಸೊಂಟದ 5 ಮೂಳೆಗಳು ಒಳಕ್ಕೆ ಬಾಗಿದ್ದರೆ ಮೈಭಾರ ನೆಟ್ಟಗೆ ಕೂರುತ್ತದೆ. ವಯಸ್ಸಾದಂತೆ ನಡುವಿನ ಡಿಸ್ಕ್‌ಗಳು ನೀರಿನಂಶ ಕುಗ್ಗಿ ತೆಳ್ಳಗಾಗುತ್ತವೆ, ಬೆನ್ನಿನ ಸ್ನಾಯು ಸೊರಗುತ್ತದೆ. ಬಾಗು ಚಪ್ಪಟೆಯಾಗಿ ಮೈ ಮುಂದಕ್ಕೆ ವಾಲುತ್ತದೆ. ಮುಗ್ಗರಿಸದಿರಲು ಮೊಣಕಾಲು ಮಡಚುತ್ತೇವೆ. ಆ ಸರ್ಕಸ್ಸಿಗೆ ಸ್ನಾಯು ದಣಿಯುತ್ತದೆ.

ಬಾಗು ಕಳೆದವರೆಲ್ಲರಿಗೂ ನೋವಿರುವುದಿಲ್ಲ. ನನಗೆ ಬೆಳಗಿನ ನಡಿಗೆ, ಬೆನ್ನಿನ ವ್ಯಾಯಾಮವೇ ಮದ್ದು. ಕಾಲು ಮರಗಟ್ಟಿದರೆ, ಮೂತ್ರದ ಹಿಡಿತ ತಪ್ಪಿದರೆ ಆಸ್ಪತ್ರೆಗೆ ಓಡಬೇಕು.