ಗಾಳಿಗೊಂದು ತೂಬು

ಕೆರೆಯ ಕೆಳಗಿನ ಬೇಸಾಯವನ್ನು ಬಲ್ಲವರಿಗೆ ಒಂದು ಸಂಗತಿಯು ಚೆನ್ನಾಗಿ ತಿಳಿದಿರುವುದು. ಕಾಲುವೆಯ ತಲೆಯಲ್ಲಿರುವ ಗದ್ದೆಗಳು ಬೇಕಾದುದಕ್ಕಿಂತ ಹೆಚ್ಚು ನೀರನ್ನು ಕುಡಿಯುವುವು; ಕೊನೆಯ ಗದ್ದೆಯವನು ಆಕಾಶವನ್ನು ನೋಡುತ್ತ ಕುಳಿತಿರುವನು. ಕೆರೆಯಲ್ಲಿ ನೀರಿದ್ದರೆ ಸಾಲದು, ತೂಬನ್ನು ಎತ್ತಿ ಇಳಿಸುವ ನೀರುಗಂಟಿಯೂ ಇರಬೇಕು. ದೊಡ್ಡ ಕಟ್ಟಡಗಳೊಳಗೆ ನಾಳಗಳ ಮೂಲಕ ಬಿಸಿಗಾಳಿಯನ್ನೋ ತಂಗಾಳಿಯನ್ನೋ ಹಂಚುವವರ ಕಷ್ಟವೂ ಇದೇ. ಗಾಳಿಯನ್ನು ಓಡಿಸುವುದು ಸುಲಭ. ಬೇಕಾದೆಡೆಗೆ ಬೇಕಾದಷ್ಟನ್ನೇ ಕಳುಹಿಸುವುದು ಕಠಿನ.

ಎಡಿನ್‌ಬರೋ ನಗರದಲ್ಲಿ ರಸಾಯನಶಾಸ್ತ್ರವನ್ನು ಬೋಧಿಸುತ್ತಿದ್ದ ಡೇವಿಡ್ ಬಾಸ್ವೆಲ್ ರೀಡ್ ಎಂಬಾತನು ಈ ಕಷ್ಟವನ್ನು ದೊಡ್ಡ ಪ್ರಮಾಣದಲ್ಲಿ ಎದುರಿಸಿದವರಲ್ಲಿ ಮೊದಲಿಗನೆಂದರೂ ಸಲ್ಲುವುದು. 1834ರ ಅಕ್ಟೋಬರಿನಲ್ಲಿ ಲಂಡನ್ನಿನ ಪಾರ್ಲಿಮೆಂಟು ಭವನವು ಬೆಂಕಿಗೆ ಆಹುತಿಯಾಯಿತಷ್ಟೆ. ಕಾಮನ್ಸ್ ಸಭೆಯ ತಾತ್ಕಾಲಿಕ ಸಭಾಂಗಣಕ್ಕೆ ಗಾಳಿಯ ಏರ್ಪಾಡನ್ನು 1836ರಲ್ಲಿ ರೀಡನು ಮಾಡಿಕೊಟ್ಟನು. ಹೊರಗೊಂದು ಎತ್ತರವಾದ ಚಿಮಣಿ. ಅದರ ಬುಡದಲ್ಲಿ ಬೆಂಕಿ. ಕಾದ ಗಾಳಿಯು ಚಿಮಣಿಯಲ್ಲಿ ಮೇಲೇರುವಾಗ ಸಭಾಂಗಣದ ಕೆಟ್ಟ ಗಾಳಿಯನ್ನು ಚಾವಣಿಯ ಮಾರ್ಗವಾಗಿ ತನ್ನ ಹಿಂದೆ ಎಳೆದುಕೊಳ್ಳುತ್ತಿದ್ದಿತು. ಹೊಸ ಗಾಳಿಯು ನೆಲದಲ್ಲಿ ಕೊರೆದ ಲೆಕ್ಕವಿಲ್ಲದ ಸಣ್ಣ ರಂಧ್ರಗಳಿಂದ ಒಳಕ್ಕೆ ಬರುತ್ತಿದ್ದಿತು. ಅದರೊಡನೆ ಸದಸ್ಯರ ಬೂಟುಗಳ ಧೂಳೂ ಮೇಲೆದ್ದಿತೆಂದು ದೂರು! ಒಬ್ಬರಿಗೆ ಸೆಕೆ, ಪಕ್ಕದವರಿಗೆ ಚಳಿ. ಹೊಸ ಭವನದ ಕೆಲಸದಲ್ಲಿ ಶಿಲ್ಪಿಯಾದ ಚಾರ್ಲ್ಸ್ ಬ್ಯಾರಿಗೂ ಅವನಿಗೂ ವಿರಸವು ಬೆಳೆದು, 1852ರಲ್ಲಿ ರೀಡನು ಕೆಲಸದಿಂದಲೇ ಹೊರಬೀಳಬೇಕಾಯಿತು. ಅವನ ಒತ್ತಾಯದಿಂದ ಗಾಳಿಗೋಸ್ಕರ ಸೇರಿಸಿದ ನಡುಗೋಪುರವು ಇಂದಿಗೂ ಅಲ್ಲಿ ನಿಂತಿರುವುದು.

ಆತನ ಯೋಜನೆಯು ನಿಜವಾಗಿ ಫಲಿಸಿದುದು 1854ರಲ್ಲಿ ತೆರೆದ ಲಿವರ್‌ಪೂಲಿನ ಸೇಂಟ್ ಜಾರ್ಜ್ ಹಾಲಿನಲ್ಲಿ. ಅಲ್ಲಿ ಉಗಿಯಂತ್ರದಿಂದ ತಿರುಗುವ ಬೀಸಣಿಗೆಗಳು ಗಾಳಿಯನ್ನು ನೂಕುತ್ತಿದ್ದುವು. ಚಳಿಗಾಲದಲ್ಲಿ ಅದು ಬಿಸಿಕೊಳವೆಗಳನ್ನು ಸವರಿಕೊಂಡು ಹೋಗುತ್ತಿದ್ದಿತು. ನೆಲಮಾಳಿಗೆಯ ನಾಳಗಳಿಗೆ ಅಡ್ಡಲಾಗಿ ಕ್ಯಾನ್ವಾಸ್ ಬಟ್ಟೆಯ ದೊಡ್ಡ ಪರದೆಗಳು. ಕೆಲಸಗಾರರು ಅಲ್ಲಿ ಓಡಾಡುತ್ತ, ಹಗ್ಗ ರಾಟೆಗಳಿಂದ ಇವನ್ನು ಎಳೆದು ಸಡಿಲಿಸಿ, ನ್ಯಾಯಾಲಯಕ್ಕೆ ಇಷ್ಟು, ಸಂಗೀತಶಾಲೆಗೆ ಇಷ್ಟು ಎಂದು ಗಾಳಿಯನ್ನು ಹಂಚುತ್ತಿದ್ದರು. ಇವರೇ ಗಾಳಿಯ ನೀರುಗಂಟಿಗಳು!

ಈಗ ಪರದೆಯ ಸ್ಥಾನದಲ್ಲಿ ತಗಡಿನ ಎಲೆಯಿರುವುದು. ಇದಕ್ಕೆ ಡ್ಯಾಂಪರ್ ಎಂದು ಹೆಸರು. ನಾಳದ ನಡುವೆ ಒಂದು ಕೀಲಿನ ಮೇಲೆ ತಿರುಗುವ ಈ ಎಲೆಯನ್ನು ಕೈಯಿಂದಲೋ ವಿದ್ಯುತ್ತಿನಿಂದಲೋ ತಿರುಗಿಸುವರು. ಎಲೆಯನ್ನು ಅರ್ಧ ತಿರುಗಿಸಿದರೆ ಗಾಳಿಯೂ ಅರ್ಧವಾಗುವುದೆಂದು ತಿಳಿಯಲಾಗದು. ನಾಳವು ಉದ್ದವಾಗಿ, ತಿರುವುಗಳು ಬಹಳವಾಗಿದ್ದರೆ, ಗಾಳಿಗೆ ಆಗಲೇ ಅಷ್ಟು ತಡೆಯಿರುವುದರಿಂದ ಎಲೆಯ ಮೊದಲ ತಿರುವು ಅದಕ್ಕೆ ಲೆಕ್ಕಕ್ಕೇ ಬಾರದು. ಬಹುಮಟ್ಟಿಗೆ ಮುಚ್ಚಿದ ಮೇಲೆ ಒಮ್ಮೆಲೇ ಕುಗ್ಗುವುದು. ಅಲ್ಲದೆ ಒಂದು ಕೊಠಡಿಯ ಎಲೆಯನ್ನು ಮುಟ್ಟಿದರೆ ಉಳಿದೆಲ್ಲ ಕೊಠಡಿಗಳ ಪಾಲೂ ಬದಲಾಗುವುದು. ಆದುದರಿಂದ ಬಲ್ಲವರು ಬೀಸಣಿಗೆಗೆ ಹತ್ತಿರದ ಕವಲುಗಳನ್ನು ಸ್ವಲ್ಪ ಬಿಗಿದು, ದೂರದವನ್ನು ತೆರೆದಿಟ್ಟು, ಪ್ರತಿಯೊಂದನ್ನೂ ಅಳೆದು, ಮತ್ತೆ ಮೊದಲಿನಿಂದ ತಿದ್ದಿಕೊಂಡು ಬರುವರು. ತಾಳ್ಮೆಯ ಕೆಲಸ.

ಅಮೇರಿಕದಂಥ ಶೀತದೇಶಗಳಲ್ಲಿ ನೆಲೆಸಿರುವ ನಮ್ಮವರ ಮನೆಗಳಲ್ಲಿ ಒಂದೇ ಒಲೆಯಿಂದ ಎಲ್ಲ ಕೊಠಡಿಗಳಿಗೂ ನಾಳಗಳಲ್ಲಿ ಬಿಸಿಗಾಳಿಯು ಹೋಗುವುದುಂಟು. ಬಳಸದ ಕೊಠಡಿಗಳ ಕಿಂಡಿಗಳನ್ನು ಮುಚ್ಚಿದರೆ ಖರ್ಚು ಉಳಿಯುವುದೆಂಬ ಎಣಿಕೆಯು ಗೃಹಸ್ಥರಿಗೆ ಸಹಜವೇ. ಒಂದೆರಡನ್ನು ಮುಚ್ಚಿದರೆ ಹೆಚ್ಚಿನ ಬಾಧೆಯಿಲ್ಲ. ಹಲವನ್ನು ಮುಚ್ಚಿದಾಗ ನಾಳದೊಳಗಿನ ಒತ್ತಡವು ಏರಿ, ಗಾಳಿಯು ಬೆಸುಗೆಯ ಸಂದುಗಳಿಂದ ಅಟ್ಟದೊಳಕ್ಕೆ ಸೋರಬಹುದು. ಒಲೆಯ ಮೇಲೆ ಸಾಕಷ್ಟು ಗಾಳಿಯು ಹಾಯದೆ ಅದು ಮಿತಿಮೀರಿ ಕಾದು ತಾನಾಗಿಯೇ ಆರಬಹುದು. ಉಳಿತಾಯದ ಮಾತು ಅಲ್ಲಿಗೆ ಮುಗಿಯಿತು.

ಇವೆಲ್ಲ ಸುಖದ ಮತ್ತು ಹಣದ ವಿಚಾರ. ಪ್ರಾಣದ ವಿಚಾರವು ಬೇರೆಯಿದೆ. ತಂಗಾಳಿಯನ್ನು ತರುವ ನಾಳವೇ ಬೆಂಕಿ ಬಿದ್ದಾಗ ಹೊಗೆಗೆ ರಾಜಮಾರ್ಗವಾಗುವುದು. 1980ರ ನವೆಂಬರಿನಲ್ಲಿ ಅಮೇರಿಕದ ಲಾಸ್ ವೇಗಸ್ ನಗರದ ದೊಡ್ಡ ಹೋಟೆಲೊಂದರಲ್ಲಿ ಬೆಂಕಿಯು ಕೆಳಗಿನ ಭಾಗದಲ್ಲಿಯೇ ಉಳಿದರೂ, ಹೊಗೆಯು ಮೆಟ್ಟಿಲುಗಳು, ಲಿಫ್ಟಿನ ಬಾವಿಗಳು ಹಾಗೂ ಗಾಳಿಯ ನಾಳಗಳ ಮೂಲಕ ಮೇಲಂತಸ್ತುಗಳಿಗೇರಿತು. ಸತ್ತ 85 ಜನರಲ್ಲಿ ಬಹುಮಂದಿ ಬೆಂಕಿಯನ್ನು ಕಾಣದೆ ಹೊಗೆಯಿಂದಲೇ ಮಡಿದರು. ಇದನ್ನು ತಡೆಯಲೆಂದೇ ಬೆಂಕಿಯನ್ನು ತಡೆಯುವ ಗೋಡೆಗಳನ್ನು ನಾಳವು ದಾಟುವ ಎಡೆಯಲ್ಲಿ ಇನ್ನೊಂದು ಬಗೆಯ ಎಲೆಯನ್ನಿಡುವರು. ಬೇಗ ಕರಗುವ ಲೋಹದ ಒಂದು ಸಣ್ಣ ಕೊಂಡಿಯು ಅದನ್ನು ತೆರೆದು ಹಿಡಿದಿರುವುದು. ಉಷ್ಣವು ಸುಮಾರು 72 ಡಿಗ್ರಿ ಸೆಂಟಿಗ್ರೇಡಿಗೇರಿದಾಗ ಕೊಂಡಿಯು ಕರಗಿ, ಎಲೆಯು ತಾನಾಗಿ ಮುಚ್ಚಿಕೊಳ್ಳುವುದು. ತಣ್ಣನೆಯ ಹೊಗೆಯು ಕೊಂಡಿಯನ್ನು ಕರಗಿಸದಾದುದರಿಂದ, ಹೊಗೆಯನ್ನೇ ಗುರುತಿಸಿ ಮುಚ್ಚಿಕೊಳ್ಳುವ ಎಲೆಗಳೂ ಉಂಟು. ವರ್ಷಗಟ್ಟಲೆ ಅಲುಗದೆ ನಿಂತ ಎಲೆಯು ಧೂಳು ತುಕ್ಕುಗಳಿಂದ ಬಿಗಿದುಕೊಳ್ಳಬಹುದು. ಅದನ್ನು ಆಗಾಗ ಆಡಿಸಿ ನೋಡಲೆಂದು ಅದರ ಬಳಿಯಲ್ಲಿ ಒಂದು ಕಿರುಬಾಗಿಲನ್ನು ಬಿಟ್ಟಿರುವರು. ಚಾವಣಿಗೆ ಅಲಂಕಾರದ ಹಲಗೆಯನ್ನು ಹೊದಿಸುವವರು ಮೊದಲು ಮುಚ್ಚಿಬಿಡುವುದು ಅದನ್ನೇ.