ಚೌಟ ಅರಸರ ಅರಮನೆಗಳು ಎಲ್ಲೆಲ್ಲಿದ್ದವು? ದಾಖಲೆಗಳಲ್ಲಿ ಹುಡುಕುವ ಬಗೆ

ತುಳುನಾಡನ್ನು ಆಳಿದ ಜೈನ ಅರಸು ಮನೆತನಗಳಲ್ಲಿ ಚೌಟರದು ಪ್ರಮುಖ ಹೆಸರು. ಚೌಟರ ಅರಮನೆ ಎಂದೊಡನೆ ಹೆಚ್ಚಿನವರಿಗೆ ಮೂಡುಬಿದಿರೆ ನೆನಪಾಗುತ್ತದೆ. ಆದರೆ ಉಳ್ಳಾಲ, ಪುತ್ತಿಗೆ ಮತ್ತು ಮೂಡುಬಿದಿರೆ ಈ ಮೂರೂ ಚೌಟರ ರಾಜಧಾನಿಗಳಾಗಿದ್ದವು. ಇವಲ್ಲದೆ ಬೇರೆ ಊರುಗಳಲ್ಲಿಯೂ ಅವರಿಗೆ ಮನೆಗಳಿದ್ದವು. ಹೀಗೆ ಸ್ಥಳ ಬದಲಿಸಿದ್ದು ಚೌಟರು ಮಾತ್ರವಲ್ಲ. ಬಂಗರ ಹೆಸರು ಬಂಗಾಡಿ, ನಂದಾವರ, ಮಂಗಳೂರು ಮೂರಕ್ಕೂ ಅಂಟಿಕೊಂಡಿದೆ. ಕಾರ್ಕಳದ ಭೈರರಸರ ಮೂಲವನ್ನು ಹುಡುಕುತ್ತಾ ಹೋದರೆ ಕಳಸ ಮತ್ತು ಹೊಂಬುಜಕ್ಕೆ ತಲುಪುತ್ತೇವೆ. ಇಂತಹ ಮನೆತನಗಳ ಹಳೆಯ ನೆಲೆಗಳನ್ನು ಗುರುತಿಸುವುದು ಹೇಗೆ ಎಂಬುದನ್ನು ಚೌಟರ ಉದಾಹರಣೆಯಿಂದ ತಿಳಿಯೋಣ.

ಉಳ್ಳಾಲ ಮತ್ತು ಪುತ್ತಿಗೆ

ನೇತ್ರಾವತಿ ಕಡಲು ಸೇರುವಲ್ಲಿರುವ ಉಳ್ಳಾಲ ವ್ಯಾಪಾರದ ಊರು. 16ನೇ ಶತಮಾನದಲ್ಲಿ ಪೋರ್ಚುಗೀಸರನ್ನು ಎದುರಿಸಿದ ರಾಣಿ ಅಬ್ಬಕ್ಕ ಚೌಟ ಮನೆತನದವಳು. ಕಡಲತೀರದಲ್ಲಿ ಉಳ್ಳಾಲವಿದ್ದಂತೆ ಒಳನಾಡಿನಲ್ಲಿ, ಮೂಡುಬಿದಿರೆಗೆ ಹತ್ತಿರದಲ್ಲಿ ಪುತ್ತಿಗೆ ಇತ್ತು. ಎರಡೂ ಕಡೆ ಸೋಮನಾಥನ ದೇವಾಲಯವಿದೆ. ಚೌಟರು ಜೈನರಾಗಿದ್ದರೂ ಸೋಮನಾಥನನ್ನು ಕುಲದೇವರಾಗಿ ಪೂಜಿಸುತ್ತಿದ್ದರು. ಮನೆತನ ನೆಲೆಸಿದಲ್ಲಿ ಅದರ ದೇವರೂ ನೆಲೆಸುವುದರಿಂದ, ಬಸದಿಯ ಜೊತೆಗೆ ಆ ಊರಿನ ದೇವಸ್ಥಾನ ಹಾಗೂ ದೈವಸ್ಥಾನಗಳನ್ನೂ ನೋಡಬೇಕು. ಉತ್ಸವದಲ್ಲಿ ಯಾವ ಮನೆಗೆ ಮೊದಲ ಮರ್ಯಾದೆ ಸಲ್ಲುತ್ತದೆ ಎಂಬ ವಾಡಿಕೆಯೂ ಒಂದು ಸುಳಿವು.

ಪ್ರವಾಸಿ ಕಂಡ ಮಣೇಲ್

1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಈ ಕರಾವಳಿಗೆ ಬಂದ. ಉಳ್ಳಾಲದ ರಾಣಿಯನ್ನು ಕಾಣಬೇಕೆಂದು ಹೊರಟವನಿಗೆ ಆಕೆ ಸಿಕ್ಕಿದ್ದು ಉಳ್ಳಾಲದಲ್ಲಿ ಅಲ್ಲ, ಗುರುಪುರದ ಆಚೆಯ ಮಣೇಲ್‌ನಲ್ಲಿ. ರಾಣಿ ಬರಿಗಾಲಿನಲ್ಲಿ ನಡೆದುಕೊಂಡು, ನಡೆಯುತ್ತಿದ್ದ ಅಗೆತದ ಕೆಲಸ ನೋಡಲು ಹೊರಟಿದ್ದಳು ಎಂದು ಆತ ಬರೆದಿದ್ದಾನೆ. ಇದರಿಂದ ನಮಗೆ ತಿಳಿಯುವ ಮುಖ್ಯ ಸಂಗತಿ ಎಂದರೆ, ಅರಸರ ಬಿರುದಿನಲ್ಲಿರುವ ಊರೂ ಅವರು ವಾಸವಿದ್ದ ಊರೂ ಒಂದೇ ಆಗಿರಬೇಕಿಲ್ಲ. ದಾಖಲೆಯಲ್ಲಿ 'ಉಳ್ಳಾಲದ ರಾಣಿ' ಎಂದಿದ್ದ ಮಾತ್ರಕ್ಕೆ ಅದು ವಿಳಾಸವಾಗುವುದಿಲ್ಲ.

ಮೂಡುಬಿದಿರೆಯ ಅರಮನೆ

17ನೇ ಶತಮಾನದಲ್ಲಿ ಚೌಟರ ಕೇಂದ್ರ ಮೂಡುಬಿದಿರೆಗೆ ಬಂತು. ಸಾವಿರ ಕಂಬದ ಬಸದಿ ಅದಕ್ಕೆ ಬಹಳ ಮೊದಲೇ, 15ನೇ ಶತಮಾನದಲ್ಲಿ ಕಟ್ಟಿದ್ದು. ಆದ್ದರಿಂದ ಬಸದಿಯ ಕಾಲವನ್ನೇ ಅರಮನೆಯ ಕಾಲ ಎಂದುಕೊಳ್ಳಬಾರದು. ಅರಮನೆಯ ಮರದ ಕೆತ್ತನೆಗಳಲ್ಲಿ ಒಂಬತ್ತು ಸ್ತ್ರೀಯರು ಸೇರಿ ಆನೆಯಾದ ನವನಾರಿ ಕುಂಜರ ಮತ್ತು ಐವರು ಸೇರಿ ಕುದುರೆಯಾದ ಪಂಚನಾರಿ ತುರಗ ಹೆಸರಾಗಿವೆ. 1763ರಲ್ಲಿ ಹೈದರಾಲಿ ಈ ಪ್ರದೇಶವನ್ನು ಗೆದ್ದ ಮೇಲೆ ಅರಸರ ಅಧಿಕಾರ ಕುಗ್ಗಿತು. 1799ರಲ್ಲಿ ಬ್ರಿಟಿಷರ ಆಡಳಿತ ಬಂತು. ಅಧಿಕಾರ ಹೋದರೂ ಮನೆ ಉಳಿಯಿತು.

ವಂಶಾವಳಿ ಓದುವಾಗ ಎಚ್ಚರ

ತುಳುನಾಡಿನ ಜೈನರಲ್ಲಿ ಅಳಿಯಸಂತಾನ ಪದ್ಧತಿ ಇತ್ತು. ಅರಸನ ನಂತರ ಪಟ್ಟ ಸಿಗುತ್ತಿದ್ದುದು ಮಗನಿಗಲ್ಲ, ಸೋದರಿಯ ಮಗನಿಗೆ. ವೇಣೂರಿನ ಬಾಹುಬಲಿಯನ್ನು 1604ರಲ್ಲಿ ಪ್ರತಿಷ್ಠಾಪಿಸಿದ ತಿಮ್ಮರಾಜನ ಶಾಸನದಲ್ಲಿ ಅವನ ಗುರುತು ತಾಯಿ ಮತ್ತು ಮಾವನ ಹೆಸರಿನಿಂದಲೇ ಇದೆ. ಶಾಸನದಲ್ಲಿ ಒಬ್ಬರ ನಂತರ ಒಬ್ಬರ ಹೆಸರು ಬಂದರೆ ಅವರನ್ನು ತಂದೆ-ಮಗ ಎಂದು ಬರೆದುಕೊಂಡವರು ಹಲವರು ದಾರಿ ತಪ್ಪಿದ್ದಾರೆ. ಮನೆ ತಾಯಿಯ ಕಡೆಯಿಂದ ಬರುವುದರಿಂದ, ಹುಡುಕಾಟವೂ ಅಜ್ಜಿ, ಮುತ್ತಜ್ಜಿಯರ ಮನೆಯ ಕಡೆಗೇ ಸಾಗಬೇಕು.

ಎಲ್ಲಿ ಹುಡುಕಬೇಕು?

ಮೊದಲನೆಯದು ಶಾಸನ. ದಕ್ಷಿಣ ಕನ್ನಡದ ನೂರಾರು ಶಾಸನಗಳು 'ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್' ಮಾಲೆಯ 7ನೇ ಸಂಪುಟದಲ್ಲಿ ಅಚ್ಚಾಗಿವೆ. ದಾನ ಕೊಟ್ಟವರ ಹೆಸರಿನ ಜೊತೆ ಭೂಮಿಯ ಗಡಿಗಳನ್ನೂ ಗಮನಿಸಿ. ಬೀಡು, ಬಾಕಿಮಾರು, ಕೆರೆಗಳ ಹೆಸರುಗಳು ಇಂದಿಗೂ ಬಳಕೆಯಲ್ಲಿರುತ್ತವೆ.

ಎರಡನೆಯದು ಕಂದಾಯ ಕಾಗದ. ದಕ್ಷಿಣ ಕನ್ನಡ ಜಿಲ್ಲೆ 1956ರವರೆಗೆ ಮದರಾಸು ಆಡಳಿತದಲ್ಲಿತ್ತು. ಹಾಗಾಗಿ ಹಳೆಯ ದಾಖಲೆಗಳನ್ನು ಮಂಗಳೂರಿನಲ್ಲಿ ಮಾತ್ರವಲ್ಲ, ಚೆನ್ನೈನ ಪತ್ರಾಗಾರದಲ್ಲಿಯೂ ಹುಡುಕಬೇಕು. ತಾಲೂಕು ಕಚೇರಿಯಲ್ಲಿ ಹಳೆಯ ಅಡಂಗಲ್ ಕೇಳಿ ನೋಡಿ.

ಮೂರನೆಯದು ಪಾಲುಪಟ್ಟಿ. 1949ರ ಅಳಿಯಸಂತಾನ ಕಾಯ್ದೆಯ ನಂತರ ಅನೇಕ ದೊಡ್ಡ ಮನೆಗಳು ಕವರುಗಳಾಗಿ ಹಂಚಿಹೋದವು. ಆಗ ನೋಂದಣಿಯಾದ ಪತ್ರಗಳಲ್ಲಿ ಮನೆಯ ಕೋಣೆ, ಚಾವಡಿ, ಅಂಗಳ, ದೈವದ ಕೋಣೆಗಳ ವಿವರವೂ ಇರುವುದುಂಟು. 1974ರ ಭೂಸುಧಾರಣೆಯ ಸಮಯದ ಭೂನ್ಯಾಯಮಂಡಳಿ ಕಡತಗಳಲ್ಲಿ ಯಾವ ಜಮೀನು ಯಾವ ಮನೆಯದಾಗಿತ್ತು ಎಂಬುದು ತಿಳಿಯುತ್ತದೆ.

ನಾಲ್ಕನೆಯದು ಬಾಯಿಮಾತು. 1923ರಲ್ಲಿ ಗಣಪತಿ ರಾವ್ ಐಗಳ್ ಬರೆದ ಜಿಲ್ಲೆಯ ಪ್ರಾಚೀನ ಇತಿಹಾಸದಲ್ಲಿಯೂ ಐತಿಹ್ಯಗಳಿಗೆ ದೊಡ್ಡ ಸ್ಥಾನವಿದೆ. ಹಿರಿಯರು ಹೇಳಿದ್ದನ್ನು ತಳ್ಳಿಹಾಕಬೇಡಿ, ಹಾಗೆಂದು ಅದೊಂದನ್ನೇ ನಂಬಲೂ ಬೇಡಿ. ಶಾಸನ, ಕಾಗದ, ನೆನಪು ಈ ಮೂರರಲ್ಲಿ ಎರಡಾದರೂ ಒಂದೇ ಮಾತು ಹೇಳಿದರೆ ಮುಂದುವರಿಯಬಹುದು.

ಇಂದು ಮಾಡಬಹುದಾದದ್ದು

ಬೀಡುಗಳ ನಿರ್ವಹಣೆ ಸುಲಭವಲ್ಲ. ಮಾಡು ಸೋರುತ್ತದೆ, ಪಾಲುದಾರರು ಹಲವು ಊರುಗಳಲ್ಲಿರುತ್ತಾರೆ, ಕೊನೆಗೆ ಮನೆ ಬಿಚ್ಚಿ ಮರ ಮಾರುವ ದಿನ ಬರುತ್ತದೆ. ಅದನ್ನು ಎಲ್ಲ ಕಡೆ ತಡೆಯಲು ಆಗದು. ಆದರೆ ಬಿಚ್ಚುವ ಮೊದಲು ಪ್ರತಿ ಕೋಣೆಯ ಛಾಯಾಚಿತ್ರ ಮತ್ತು ಅಳತೆ ತೆಗೆದಿಡಬಹುದು. ಪೆಟ್ಟಿಗೆಯಲ್ಲಿರುವ ಓಲೆ, ಕಡತ, ಚೀಟಿಗಳನ್ನು ಓದಲು ಬಾರದೆಂದು ಸುಡದೆ, ಮೂಡುಬಿದಿರೆಯ ಜೈನ ಮಠದಂತಹ ಕಡೆ ತಿಳಿದವರಿಗೆ ತೋರಿಸಬಹುದು. ಮನೆ ಹೋದರೂ ಅದು ಎಲ್ಲಿತ್ತು, ಯಾರದಾಗಿತ್ತು ಎಂಬುದಕ್ಕೆ ಮುಂದಿನ ಪೀಳಿಗೆಗೆ ಆಧಾರ ಉಳಿಯುತ್ತದೆ.